ಬೋರಮ್ಮನ ಬೋಳು ಗೋಡೆ

ಹತ್ತಿರ ಬನ್ನಿ ಮಕ್ಕಳೇ, ಹೇಳ್ತೀನಿ. ಒಂದು ಬೀದಿ. ಬೀದಿಯಲ್ಲಿ ಒಂದು ಮನೆ. ಮನೆಯಲ್ಲಿ ಬೋರಮ್ಮ. ಬೋರಮ್ಮನಿಗೆ ಒಂದು ಕೋಳಿ. ಕೋಳಿಯ ಹೆಸರು ಚುಕ್ಕಿ. ಮೈ ತುಂಬ ಚುಕ್ಕಿ ಇತ್ತು, ಅದಕ್ಕೇ ಚುಕ್ಕಿ.

ಚುಕ್ಕಿ ಕಾವಿಗೆ ಕೂತಿತ್ತು. ಕಾವಿಗೆ ಕೂರೋದು ಅಂದರೆ ಮೊಟ್ಟೆ ಮೇಲೆ ಕೂರೋದು. ಮೊಟ್ಟೆ ಬೆಚ್ಚಗಿದ್ದರೆ ಮರಿ ಬರುತ್ತದೆ. ಮೊಟ್ಟೆ ಆರಿದರೆ ಮರಿ ಬರೋದಿಲ್ಲ. ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ಇದ್ದವು.

ಕಾವು ಕೂತ ಕೋಳಿಗೂ ಹಸಿವಾಗುತ್ತದೆ. ಚುಕ್ಕಿ ಕಾಳು ತಿನ್ನೋಕೆ ಹಿತ್ತಲಿಗೆ ಹೋಯಿತು.

ಅಷ್ಟು ಹೊತ್ತಿಗೆ ಬೋರಮ್ಮ ಏನು ಮಾಡಿದಳು? ಮುಂದಿನ ಗೋಡೆಯ ಹಳೇ ಬಣ್ಣವನ್ನೆಲ್ಲ ಕೆರೆದು ಹಾಕಿದಳು. ಕರ ಕರ, ಕರ ಕರ. ಹೊಸ ಬಣ್ಣ ಬಳಿಸಬೇಕು ಅಂತ ಆಸೆ. ಯಾವ ಬಣ್ಣ ಅಂತ ಮಾತ್ರ ಯೋಚನೆ ಮಾಡಿರಲಿಲ್ಲ. ಮೊದಲು ಯೋಚನೆ ಮಾಡಬೇಕು, ಆಮೇಲೆ ಕೆರೆಯಬೇಕು. ಬೋರಮ್ಮ ಮೊದಲು ಕೆರೆದಳು.

ಚುಕ್ಕಿ ಕಾಳು ತಿಂದು ಬಂತು. ಗೋಡೆ ನೋಡಿತು. ಬೋಳು ಗೋಡೆ! ಬೀದಿ ಕಲ್ಲಿನ ಮೇಲೆ ಹತ್ತಿ ಕೂತಿತು.

"ಬಾ ಚುಕ್ಕಿ, ಒಳಗೆ ಬಾ," ಅಂದಳು ಬೋರಮ್ಮ.

"ಬರೋದಿಲ್ಲ," ಅಂದಿತು ಚುಕ್ಕಿ. "ಇದು ನಮ್ಮನೆ ಅಲ್ಲ. ನಮ್ಮನೆಗೆ ಬಣ್ಣ ಇದೆ."

"ಯಾವ ಬಣ್ಣ ಇತ್ತು, ಹೇಳೇ?"

"ನಾನು ಕೋಳಿ. ನನಗೇನು ಗೊತ್ತು? ಬಣ್ಣ ಇತ್ತು, ಅಷ್ಟೇ."

ಹಿಡಿದು ತಂದು ಕೂರಿಸಬಹುದಲ್ಲ ಅಂತೀರಾ? ಆಗೋದಿಲ್ಲ. ಹಿಡಿದು ಕೂರಿಸಿದ ಕೋಳಿ ಮುನಿಸಿಕೊಂಡು ಎದ್ದು ಹೋಗುತ್ತದೆ. ತಾನಾಗೇ ಬರಬೇಕು.

ಬೋರಮ್ಮ ಮೊಟ್ಟೆಗಳ ಮೇಲೆ ಕಂಬಳಿ ಹೊದಿಸಿದಳು. ಕಂಬಳಿ ಸ್ವಲ್ಪ ಹೊತ್ತು ಕಾಯುತ್ತದೆ. ತುಂಬ ಹೊತ್ತು ಕಾಯೋದಿಲ್ಲ. ಅದಕ್ಕೇ ಅವಳು ಓಡಿದಳು.

ಬೇವಿನ ಮರದ ಕೆಳಗೆ ಮಸ್ತಾನಣ್ಣ ಕೂತಿದ್ದ. ಗೋಡೆಗೆ ಬಣ್ಣ ಬಳಿಯೋದು ಅವನ ಕೆಲಸ.

"ಮಸ್ತಾನಣ್ಣಾ, ಬೇಗ ಗೋಡೆ ಬಳಿ! ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

"ಬಳೀತೀನಿ ತಾಯಿ. ಬಕೆಟ್ಟಲ್ಲಿ ಸುಣ್ಣ ಇದೆ. ಬಣ್ಣದ ಪುಡಿ ಐದು ಪೊಟ್ಟಣ ಇದೆ. ಯಾವುದು ಕಲಸಲಿ?"

"ಯಾವುದೋ ಒಂದು!"

"ಅಯ್ಯೋ, ಆಮೇಲೆ ಯಜಮಾನ್ರು ಅಳಿಸು ಅಂದರೆ? ಅವರು ಹೇಳಲಿ, ಬಳೀತೀನಿ."

ಬೋರಮ್ಮ ಗಂಡನ ಹತ್ತಿರ ಓಡಿದಳು. ಗಂಡನ ಹೆಸರು ಚೆನ್ನಪ್ಪ. ಜಗಲಿ ಮೇಲೆ ಹಗ್ಗ ಹೊಸೆಯುತ್ತಿದ್ದ.

"ರೀ, ಬೇಗ ಒಂದು ಬಣ್ಣ ಹೇಳಿ! ಮಸ್ತಾನಣ್ಣ ಬಳಿಯೋದಿಲ್ಲ, ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

"ನಾನು ಹೇಳೋದಿಲ್ಲಪ್ಪ," ಅಂದ ಚೆನ್ನಪ್ಪ. "ಹೋದ ಸಲ ಬಾಗಿಲಿಗೆ ನೀಲಿ ಬಳಿಸಿದೆ. ಅಕ್ಕ ಒಂದು ತಿಂಗಳು ಮಾತಾಡಲಿಲ್ಲ. ಅಕ್ಕ ಹೂಂ ಅನ್ನಲಿ, ಹೇಳ್ತೀನಿ."

ಬೋರಮ್ಮ ಪಕ್ಕದ ಮನೆಗೆ ಓಡಿದಳು. ಅಲ್ಲಿ ಚೆನ್ನಪ್ಪನ ಅಕ್ಕ ಈರಮ್ಮ. ಗಂಡನ ಅಕ್ಕ ಅಂದರೆ ಬೋರಮ್ಮನಿಗೆ ಅತ್ತಿಗೆ. ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು.

"ಅತ್ತಿಗೇ, ಬೇಗ ಒಂದು ಬಣ್ಣಕ್ಕೆ ಹೂಂ ಅನ್ನಿ! ಯಜಮಾನ್ರು ಹೇಳೋದಿಲ್ಲ, ಮಸ್ತಾನಣ್ಣ ಬಳಿಯೋದಿಲ್ಲ, ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

"ನಾನ್ಯಾಕೆ ಹೂಂ ಅನ್ನಲಿ?" ಅಂದಳು ಈರಮ್ಮ. "ಹೊರಗಿನ ಗೋಡೆ ನಮಗೆಲ್ಲಿ ಕಾಣುತ್ತೆ? ನಾವು ಒಳಗಿರ್ತೀವಿ. ದಿನಾ ನೋಡೋನು ಎದುರುಮನೆ ಟೈಲರ್ ಪಾಂಡು. ಅವನ ಕಣ್ಣಿಗೆ ಒಪ್ಪಬೇಕು. ಅವನು ನೋಡಿ ಹೇಳಲಿ, ಹೂಂ ಅಂತೀನಿ."

ಮಾತು ಸರಿಯೇ. ಆದರೆ ಬೋರಮ್ಮನಿಗೆ ತಲೆ ಬಿಸಿಯಾಯಿತು. ಎದುರುಮನೆಗೆ ಓಡಿದಳು. ಟೈಲರ್ ಪಾಂಡಣ್ಣ ಜಗಲಿ ಮೇಲೆ ಹೊಲಿಯುತ್ತಿದ್ದ. ಕಟ ಕಟ ಕಟ ಕಟ.

"ಪಾಂಡಣ್ಣಾ, ಬೇಗ ನನ್ನ ಗೋಡೆ ನೋಡು! ಅತ್ತಿಗೆ ಹೂಂ ಅನ್ನೋದಿಲ್ಲ, ಯಜಮಾನ್ರು ಹೇಳೋದಿಲ್ಲ, ಮಸ್ತಾನಣ್ಣ ಬಳಿಯೋದಿಲ್ಲ, ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

"ಎಲ್ಲಿಂದ ನೋಡಲಿ ಬೋರಕ್ಕಾ? ಎಮ್ಮೆ ಅಡ್ಡ ನಿಂತಿದೆ. ಬೆಳಗ್ಗೆಯಿಂದ ನನಗೆ ಕಾಣೋದು ಎಮ್ಮೆ ಒಂದೇ."

"ಎದ್ದು ಈಚೆ ಬಂದು ನೋಡು!"

"ಈಚೆಯಿಂದ ನೋಡಿದರೆ ಒಂದು ಥರ, ಕೂತಲ್ಲಿಂದ ನೋಡಿದರೆ ಒಂದು ಥರ. ನಾನು ಕೂತಿರೋನು. ಎಮ್ಮೆ ಸರಿಯಲಿ, ನೋಡ್ತೀನಿ."

ಬೋರಮ್ಮ ಹಲ್ಲು ಕಡಿದಳು. ಎಮ್ಮೆಯ ಹತ್ತಿರ ಹೋದಳು. ತಳ್ಳಿದಳು. ಎಮ್ಮೆ ಅಲ್ಲಾಡಲಿಲ್ಲ. ಎಮ್ಮೆ ಅಂದರೆ ಎಮ್ಮೆ.

"ಎಮ್ಮೇ ಎಮ್ಮೇ, ಬೇಗ ಸರಿ! ಪಾಂಡಣ್ಣ ನೋಡೋದಿಲ್ಲ, ಅತ್ತಿಗೆ ಹೂಂ ಅನ್ನೋದಿಲ್ಲ, ಯಜಮಾನ್ರು ಹೇಳೋದಿಲ್ಲ, ಮಸ್ತಾನಣ್ಣ ಬಳಿಯೋದಿಲ್ಲ, ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

"ಹೂಂ..." ಅಂದಿತು ಎಮ್ಮೆ. ಕಣ್ಣು ಮುಚ್ಚಿಕೊಂಡೇ ಹೇಳಿತು. "ಬೆನ್ನ ಮೇಲೆ ಕಾಗೆ ಕೂತಿದೆ. ಉಣ್ಣೆ ಹೆಕ್ಕುತ್ತಿದೆ. ಹಾಯಾಗಿದೆ. ಕಾಗೆ ಹಾರಲಿ, ಸರೀತೀನಿ."

ಉಣ್ಣೆ ಅಂದರೆ ಎಮ್ಮೆಯ ಮೈಯಲ್ಲಿ ಕಚ್ಚಿಕೊಂಡಿರುವ ಸಣ್ಣ ಹುಳ. ಅದನ್ನು ಹೆಕ್ಕಿದರೆ ಎಮ್ಮೆಗೆ ಸುಖ. ಎಮ್ಮೆಗೆ ಸುಖ, ಬೋರಮ್ಮನಿಗೆ ಸಂಕಟ.

ಬೋರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಉಸಿರು ತುಂಬ ಎಳೆದುಕೊಂಡಳು. ಯಾಕೆಂದರೆ ಪಟ್ಟಿ ಉದ್ದ ಆಗಿತ್ತು.

"ಕಾಗೇ ಕಾಗೇ, ಬೇಗ ಹಾರು! ಎಮ್ಮೆ ಸರಿಯೋದಿಲ್ಲ, ಪಾಂಡಣ್ಣ ನೋಡೋದಿಲ್ಲ, ಅತ್ತಿಗೆ ಹೂಂ ಅನ್ನೋದಿಲ್ಲ, ಯಜಮಾನ್ರು ಹೇಳೋದಿಲ್ಲ, ಮಸ್ತಾನಣ್ಣ ಬಳಿಯೋದಿಲ್ಲ, ಕೋಳಿ ಬರೋದಿಲ್ಲ, ಒಳಗೆ ಮೊಟ್ಟೆ ಆರ್ತಿದೆ!"

ಕಾಗೆ ಕತ್ತು ಓರೆ ಮಾಡಿತು.

"ಹಾರ್ತೀನಿ. ನಾನೇನು ಬೇಡ ಅಂದೆನಾ? ಆದರೆ ಕಾಗೆ ಹಾರಬೇಕು ಅಂದರೆ ಯಾರಾದರೂ ಓಡಿಸಬೇಕು. ಅದು ಪದ್ಧತಿ. ಬೆಳಗ್ಗೆಯಿಂದ ಕಾಯ್ತಿದ್ದೀನಿ. ಒಬ್ಬರೂ ಓಡಿಸಲೇ ಇಲ್ಲ!"

ಬೋರಮ್ಮ ಕಾಗೆಯನ್ನು ನೋಡಿದಳು. ಎಮ್ಮೆಯನ್ನು ನೋಡಿದಳು. ಪಾಂಡಣ್ಣನನ್ನು ನೋಡಿದಳು. ಅತ್ತಿಗೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಮಸ್ತಾನಣ್ಣನನ್ನು ನೋಡಿದಳು. ಚುಕ್ಕಿಯನ್ನು ನೋಡಿದಳು. ಕಂಬಳಿ ಕೆಳಗಿನ ಮೊಟ್ಟೆಗಳನ್ನು ನೆನೆದಳು. ಹೊಟ್ಟೆಯೊಳಗಿದ್ದ ಸಿಟ್ಟೆಲ್ಲ ಗಂಟಲಿಗೆ ಬಂತು.

"ಹುಶ್ಶ್ಶ್ಶ್ಶ್ಶಾ!"

ಇಡೀ ಬೀದಿಗೆ ಕೇಳಿಸಿತು.

ಕಾಗೆ ಪುರ್ರನೆ ಹಾರಿತು. ಬೆನ್ನು ಖಾಲಿಯಾಯಿತು, ಎಮ್ಮೆ ಸರಿಯಿತು. ಎಮ್ಮೆ ಸರಿಯಿತು, ಪಾಂಡಣ್ಣ ಗೋಡೆ ನೋಡಿದ.

ಅವನು ಬಟ್ಟೆ ತುಂಡುಗಳನ್ನು ಒಂದೊಂದಾಗಿ ಎತ್ತಿ ಹಿಡಿದ. "ಕೆಂಪು? ಕಣ್ಣಿಗೆ ಚುಚ್ಚುತ್ತೆ. ನೀಲಿ? ಆಕಾಶ ಆಗಲೇ ನೀಲಿ ಇದೆ. ಹಸಿರು? ಬೇವಿನ ಮರ ಇದೆಯಲ್ಲ. ಹಳದಿ... ಹಾಂ, ಹಳದಿ!"

ಪಾಂಡಣ್ಣ "ಹಳದಿ" ಅಂದ, ಅತ್ತಿಗೆ ಹೂಂ ಅಂದಳು. ಅತ್ತಿಗೆ ಹೂಂ ಅಂದಳು, ಚೆನ್ನಪ್ಪ "ನಾನೂ ಅದನ್ನೇ ಅಂದುಕೊಂಡಿದ್ದೆ" ಅಂದ. ಚೆನ್ನಪ್ಪ ಹೇಳಿದ, ಮಸ್ತಾನಣ್ಣ ಹಳದಿ ಪುಡಿ ಕಲಸಿದ. ಬಾಗಿಲ ಪಕ್ಕ ಸರ ಸರ ಬಳಿದ. ಇಡೀ ಗೋಡೆ ಬಳಿಯೋಕೆ ಹೊತ್ತಿರಲಿಲ್ಲ. ಒಂದು ತುಂಡು ಬಳಿದ.

ಮಸ್ತಾನಣ್ಣ ಬಳಿದ, ಚುಕ್ಕಿ ಕಲ್ಲಿನಿಂದ ಇಳಿಯಿತು.

"ಹೂಂ, ಬಣ್ಣ ಇದೆ. ಇದು ನಮ್ಮನೆ."

ಟುಕು ಟುಕು ನಡೆದು ಬಂತು. ಬೋರಮ್ಮ ಕಂಬಳಿ ತೆಗೆದಳು. ಚುಕ್ಕಿ ಬುಟ್ಟಿ ಹತ್ತಿತು. ರೆಕ್ಕೆ ಅಗಲಿಸಿತು. ಒಂಬತ್ತು ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು. ಹೊಟ್ಟೆ ಒತ್ತಿ ನೋಡಿತು.

"ಬೆಚ್ಚಗಿವೆ," ಅಂದಿತು. ಆಮೇಲೆ ಬೋರಮ್ಮನನ್ನು ದುರುಗುಟ್ಟಿ ನೋಡಿತು. "ಇನ್ನು ಸ್ವಲ್ಪ ಹೊತ್ತಾಗಿದ್ದರೆ ಆರಿಹೋಗ್ತಿದ್ದವು! ಇಷ್ಟು ಹೊತ್ತು ಬೀದಿಯಲ್ಲಿ ಏನು ಮಾಡ್ತಿದ್ದೆ ನೀನು?"

ಬೋರಮ್ಮ ಕೈಯಲ್ಲಿದ್ದ ಕಂಬಳಿ ಮಡಚಿದಳು. ಬುಟ್ಟಿಯ ಪಕ್ಕದಲ್ಲೇ ದೊಪ್ಪನೆ ಕೂತಳು.

ಮೂರನೇ ದಿನಕ್ಕೆ ಟಕ್ ಟಕ್ ಅಂತ ಮೊಟ್ಟೆ ಒಡೆದವು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. ಒಂಬತ್ತೂ ಮರಿ. ಅವು ಚೀಂವ್ ಚೀಂವ್ ಅಂದವು, ನಾನು ಸುಮ್ಮನಾದೆ.