ಆಚೆ ದಡದ ಮದುವೆ ಊಟ

ಲಚ್ಚಲದೇವಿ ಪಟ್ಟಕ್ಕೆ ಬಂದ ವರ್ಷವೇ ಹೊಳೆಯಂಚಿನ ಅವಳ ಊರುಗಳು ಹೊತ್ತಿ ಉರಿದವು.

ಹೊಳೆಯಾಚೆಯ ಕಾಡು ಹೆಸರಿಗೆ ನೆರೆರಾಜ್ಯದ್ದು. ಅಲ್ಲಿ ಆಯುಧ ಹಿಡಿದ ಎರಡು ದಂಡುಗಳಿದ್ದವು. ಮಾಚನ ದಂಡು ಹೊಳೆ ದಾಟಿ ಬಂದು ರಾಣಿಯ ಊರುಗಳಿಗೆ ಕೊಳ್ಳಿ ಇಡುತ್ತಿತ್ತು. ಬಿಲ್ಲಯ್ಯನ ದಂಡು ಇತ್ತ ಬರುತ್ತಿರಲಿಲ್ಲ. ಅದು ಸುಡುತ್ತಿದ್ದದ್ದು ನೆರೆಯ ದೊರೆಯ ಊರುಗಳನ್ನು.

ಬಿಲ್ಲಯ್ಯನಿಗೆ ಅಕ್ಕಿ ಹೋಗುತ್ತಿದ್ದದ್ದು ರಾಣಿಯ ಕಣಜದಿಂದಲೇ. ಅವಳ ತಂದೆ ಗುಟ್ಟಾಗಿ ಮಾಡಿಟ್ಟಿದ್ದ ಏರ್ಪಾಡು ಅದು.

"ಹೊಳೆ ದಾಟೋಣ, ಇಡೀ ಕಾಡನ್ನೇ ಸುಡೋಣ" ಎಂದ ಸೇನಾಪತಿ.

"ಬೇಡ, ಬಿಲ್ಲಯ್ಯನಿಗೆ ಇನ್ನಷ್ಟು ಅಕ್ಕಿ ಕೊಡೋಣ. ಅವನೇ ಮಾಚನನ್ನು ಮುಗಿಸಲಿ" ಎಂದ ಮಂತ್ರಿ.

ರಾಣಿಗೆ ಇಬ್ಬರ ಮಾತೂ ಸರಿಯೆನಿಸಿತು. ಅದೇ ಅವಳ ಸಂಕಟ. ಬೆಳಗಾಗುತ್ತಲೇ ತಾನು ಓದಿ ಬೆಳೆದ ಆಶ್ರಮಕ್ಕೆ ಹೊರಟಳು.

ಗುರು ಸಿದ್ಧರಸರು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಒಗೆಯುತ್ತಿದ್ದರು.

"ಗುರುಗಳೇ, ಕೆಟ್ಟ ದಂಡನ್ನು ಅಳಿಸಬೇಕು, ಒಳ್ಳೆಯದನ್ನು ಉಳಿಸಿಕೊಳ್ಳಬೇಕು. ದಾರಿ ಹೇಳಿ."

"ಈ ತುದಿ ಹಿಡಿ" ಎಂದರು ಗುರುಗಳು.

ಇಬ್ಬರೂ ಸೇರಿ ಪಂಚೆ ಹಿಂಡಿದರು.

"ಬೇಗ ಒಣಗಬೇಕು. ಇವತ್ತು ಆಚೆ ದಡದಲ್ಲಿ ಮದುವೆ. ಬಿಲ್ಲಯ್ಯನ ಮಗಳದ್ದು."

"ಗಂಡು ಯಾರು?"

"ಮಾಚನ ಮಗ. ಮಾಚನ ಹೆಂಡತಿ ಬಿಲ್ಲಯ್ಯನ ತಂಗಿ ತಾನೇ? ಸೋದರಮಾವನ ಮಗಳನ್ನ ಬಿಡ್ತಾರಾ!"

ಲಚ್ಚಲೆಯ ಕೈಯಿಂದ ಪಂಚೆ ಜಾರಿ ಮಣ್ಣಿಗೆ ಬಿತ್ತು.

"ನೀನೂ ಬಾ" ಎಂದರು ಗುರುಗಳು, ಪಂಚೆಯನ್ನು ಮತ್ತೆ ನೀರಿಗೆ ಅದ್ದುತ್ತಾ.

"ನಾನಾ? ಸಿಕ್ಕರೆ ಕಡಿದು ಹಾಕ್ತಾರೆ!"

"ರಾಣೀನ ಕಡೀತಾರೇನೋ. ನನ್ನ ಶಿಷ್ಯೆಗೆ ಎಲೆ ಹಾಕ್ತಾರೆ."

ಒಡವೆಗಳನ್ನೆಲ್ಲ ಆಶ್ರಮದಲ್ಲೇ ಬಿಚ್ಚಿಟ್ಟು, ನೂಲಿನ ಸೀರೆಯುಟ್ಟು, ಅವಳು ಹರಿಗೋಲು ಹತ್ತಿದಳು.

ಕಾಡಿನ ನಡುವೆ ಚಪ್ಪರ. ಡೋಲು, ಹಾಡು, ಗದ್ದಲ. ಈಟಿಗಳನ್ನೆಲ್ಲ ಒಂದು ಮರಕ್ಕೆ ಒರಗಿಸಿದ್ದರು. ಯಾವುದು ಯಾವ ದಂಡಿನದೆಂದು ಹೇಳುವಂತಿರಲಿಲ್ಲ. ಮಾಚ ಕುಣಿಯುತ್ತಿದ್ದ. ಬಿಲ್ಲಯ್ಯ ಅವನ ಪೇಟ ಕಿತ್ತು ತನ್ನ ತಲೆಗೆ ಇಟ್ಟುಕೊಂಡು, "ಭಾವ, ಇನ್ನು ಕುಣಿ!" ಎಂದು ನಗುತ್ತಿದ್ದ.

ಲಚ್ಚಲೆ ಅಡುಗೆಯ ಕಡೆ ನಡೆದಳು. ಒಲೆಯ ಪಕ್ಕ ಅಕ್ಕಿ ಮೂಟೆಗಳು. ಅವುಗಳ ಮೇಲೆ ಅವಳದೇ ಹಂಸದ ಮುದ್ರೆ. ಅವುಗಳಿಗೆ ಒತ್ತಿಕೊಂಡೇ ಬೆಲ್ಲದ ಮೂಟೆಗಳು. ಅವುಗಳ ಮೇಲೆ ಮೀನಿನ ಮುದ್ರೆ. ಅದು ನೆರೆಯ ದೊರೆಯದು.

"ಇದೆಲ್ಲಿಂದ ಬಂತು, ಅಜ್ಜಿ?" ಎಂದು ಅಲ್ಲೇ ಎಲೆ ಹಾಕಿ ಪಾಯಸ ಬಡಿಸಿದ ಮುದುಕಿಯನ್ನು ಕೇಳಿದಳು.

"ಅಕ್ಕಿ ಆ ದಡದ ರಾಣಿದು ತಾಯಿ, ಈ ದೊರೆಗೆ ಕಾಟ ಕೊಡಲಿ ಅಂತ ಬಿಲ್ಲಯ್ಯಂಗೆ ಕಳಿಸ್ತಾಳೆ. ಬೆಲ್ಲ ಈ ದೊರೇದು, ಆ ರಾಣಿಗೆ ಕಾಟ ಕೊಡಲಿ ಅಂತ ಮಾಚಂಗೆ ಕಳಿಸ್ತಾನೆ. ಇಬ್ಬರೂ ಧಾರಾಳಿಗಳು. ಎರಡೂ ಸೇರಿದರೆ ತಾನೇ ಪಾಯಸ?"

ಲಚ್ಚಲೆಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಇಬ್ಬರು ಗಂಡುಮಕ್ಕಳು. ಒಬ್ಬ ಆ ದಡದಲ್ಲಿ ಸತ್ತ, ಒಬ್ಬ ಈ ದಡದಲ್ಲಿ. ಬಡಿಸಲಾ ಇನ್ನೊಂದು ಸೌಟು?"

ಲಚ್ಚಲೆ ಎಲೆಯ ಮುಂದೆ ತಲೆ ತಗ್ಗಿಸಿಯೇ ಹೂಂ ಎಂದಳು. ಪಾಯಸ ತುಂಬ ರುಚಿಯಾಗಿತ್ತು.

ಮರಳುವಾಗ ಹೊಳೆಯ ನಡುವೆ ಕೇಳಿದಳು. "ಗುರುಗಳೇ, ಈಗ ಏನು ಮಾಡಲಿ?"

"ನಿನ್ನ ಕೈಲಿರೋದು ಯಾವುದು? ಅಕ್ಕಿಯೋ ಬೆಲ್ಲವೋ?"

"ಅಕ್ಕಿ."

ಗುರುಗಳು ಹುಟ್ಟು ಹಾಕತೊಡಗಿದರು.

ಮರುದಿನವೇ ರಾಣಿ ಅಕ್ಕಿ ನಿಲ್ಲಿಸಿದಳು. ನೆರೆಯ ದೊರೆಗೆ ದೂತನನ್ನು ಕಳಿಸಿದಳು. "ನಿಮ್ಮ ಊರು ಸುಟ್ಟವರು ನನ್ನ ಅಕ್ಕಿ ಉಂಡವರು. ಇನ್ನು ಉಣ್ಣುವುದಿಲ್ಲ" ಎಂದಷ್ಟೇ ಹೇಳಿಸಿದಳು. ಬೆಲ್ಲದ ಮಾತೆತ್ತಲಿಲ್ಲ.

ದೊರೆ ನಂಬಲಿಲ್ಲ. ಬಿಲ್ಲಯ್ಯ ಸಿಟ್ಟಿಗೆದ್ದು ಮಾಚನ ಜೊತೆಗೂಡಿ ಹೊಳೆ ದಾಟಿ ಬಂದ. ಈ ಸಲ ಪ್ರತಿ ಊರಿನ ಮುಂದೆ ರಾಣಿಯ ಸೈನಿಕರು ಕಾದಿದ್ದರು. ದಂಡುಗಳು ಏಟು ತಿಂದು ಹಿಂದಿರುಗಿದವು. ಸೇನಾಪತಿ ಕತ್ತಿ ಎತ್ತಿ ನೀರಿಗಿಳಿದ.

"ಹೊಳೆ ದಾಟಬೇಡಿ" ಎಂದಳು ರಾಣಿ. ಅವನು ಹಲ್ಲು ಕಚ್ಚಿಕೊಂಡು ದಡಕ್ಕೆ ಬಂದ.

ಬಿಲ್ಲಯ್ಯನೇ ರಾಣಿಯ ಮೇಲೆ ಬಿದ್ದ, ಆದರೂ ಅವಳು ಹೊಳೆ ದಾಟಲಿಲ್ಲ ಎಂಬ ಸುದ್ದಿ ಕೇಳಿದ ಮೇಲೆ ದೊರೆ ಯೋಚನೆಗೆ ಬಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಡಿಗೆ ಬೆಲ್ಲ ಹೋಗುವುದೂ ನಿಂತಿತು.

ಕಾಡಿನ ಒಲೆಗಳು ಆರಿದ ಮೇಲೆ ಮೊದಲು ಹೊಳೆ ದಾಟಿ ಬಂದವಳು ಆ ಮದುಮಗಳೇ. ಗಂಡನ ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು.

"ಇವರ ಈಟಿ ತಗೊಳ್ಳಿ, ನಮಗೊಂದು ತುಂಡು ಹೊಲ ಕೊಡಿ" ಎಂದಳು. ಆಮೇಲೆ ರಾಣಿಯ ಮುಖವನ್ನೇ ದಿಟ್ಟಿಸಿದಳು. "ಅಯ್ಯೋ! ನೀವು ನನ್ನ ಮದುವೇಲಿ ಊಟ ಮಾಡಿದವರಲ್ಲವಾ?"

"ಎರಡು ಸಲ ಪಾಯಸ ಹಾಕಿಸಿಕೊಂಡೆ" ಎಂದಳು ರಾಣಿ.

ಅವರಿಗೆ ಹೊಲ ಸಿಕ್ಕಿತು. ಅವರ ಹಿಂದೆ ಇನ್ನಷ್ಟು ಮಂದಿ ಬಂದರು, ಎರಡೂ ದಡಗಳಿಗೆ. ಕೊಲೆ ಮಾಡಿದವರು ವಿಚಾರಣೆಗೆ ನಿಂತರು, ಮಾಚನೂ ನಿಂತ. ಬಿಲ್ಲಯ್ಯ ಮಾತ್ರ ಬೆರಳೆಣಿಕೆಯ ಜನರೊಂದಿಗೆ ಕಾಡಿನ ಆಳಕ್ಕೆ ಸರಿದ. ಎರಡೂ ಕಡೆಯ ಕಾವಲು ಅವನಿಗಾಗಿ ಕಾಯುತ್ತಿತ್ತು.

ಕೊನೆಗೆ ರಾಣಿಯೂ ದೊರೆಯೂ ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಕೂತು ಮಾತಾಡುವುದೆಂದು ನಿಶ್ಚಯವಾಯಿತು.

ಆ ದಿನ ಎರಡೂ ದಡಗಳಲ್ಲಿ ಜನವೋ ಜನ. ಡೋಲುಗಳು ಮೊಳಗುತ್ತಿದ್ದವು. ಹೆಂಗಸರು ಈ ದಡದಿಂದ ಆ ದಡಕ್ಕೆ ಕೂಗಿ ನೆಂಟರ ಕ್ಷೇಮ ಕೇಳುತ್ತಿದ್ದರು. ಆದರೆ ಹೊತ್ತು ನೆತ್ತಿಗೇರಿದರೂ ಯಾವ ಹರಿಗೋಲೂ ಕದಲಲಿಲ್ಲ.

ಮಂತ್ರಿ ರಾಣಿಯ ಕಿವಿಯಲ್ಲಿ ಉಸುರಿದ. "ಅವರೇ ಮೊದಲು ಹೊರಡಲಿ. ನಾವು ಹೊರಟರೆ ಸೋತಂತೆ."

ಆಚೆ ದಡದಲ್ಲೂ ಯಾರೋ ದೊರೆಯ ಕಿವಿಗೆ ಬಾಗಿದ್ದು ಅವಳಿಗೆ ಕಂಡಿತು.

ಅವಳು ಗುರುಗಳ ಕಡೆ ತಿರುಗಿದಳು. "ಗುರುಗಳೇ, ಮೊದಲು ಹೊರಟವರು ಸೋತಂತೆ ಅಂತಾರೆ. ಏನು ಮಾಡಲಿ?"

ಸಿದ್ಧರಸರು ಆಗಲೇ ಮೊಳಕಾಲುದ್ದ ನೀರಿನಲ್ಲಿ ನಿಂತು ಹರಿಗೋಲು ತಳ್ಳುತ್ತಿದ್ದರು.

"ಬೇಗ ಹತ್ತು ಮಗಳೇ, ಅವರೇ ಮೊದಲು ಹೊರಟುಬಿಟ್ಟಾರು!"