ಬಟ್ಟೆಯಲ್ಲಿ ನಿಂತದ್ದು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಚಂಪವ್ವ ಎಂಬ ಹಿರಿಯಳಿದ್ದಳು. ಗಂಡ ತೀರಿದ ಮೇಲೆ ವ್ರತ ಹಿಡಿದು, ಬಿಳಿ ಸೀರೆ ಉಟ್ಟು, ಬಸದಿಯ ಹಿಂದಿನ ಎರಡು ಕೋಣೆಗಳಲ್ಲಿ ಉಳಿದುಬಿಟ್ಟವಳು. ಬಂದವರಿಗೆ ಪಾಠ ಹೇಳುತ್ತಿದ್ದಳು. ಪಾಠಕ್ಕಿಂತ ಬೈಗುಳವೇ ಜಾಸ್ತಿ ಎಂದು ಶಿಷ್ಯರು ಆಡಿಕೊಳ್ಳುತ್ತಿದ್ದರು. ಆದರೂ ಬರುವುದನ್ನು ಬಿಟ್ಟವರಿಲ್ಲ.

ಪಾಯಪ್ಪ ಅವಳ ಬಳಿಗೆ ಬಂದದ್ದು ಮಗಳು ಸುಮತಿ ತೀರಿಕೊಂಡ ಮೇಲೆ. ದುಃಖ ಹೊತ್ತು ಬಂದವರನ್ನು ಚಂಪವ್ವ ಬೇಕಾದಷ್ಟು ಕಂಡಿದ್ದಳು. ಇವನು ದುಃಖದ ಜೊತೆಗೆ ಒಂದು ಗಾಜಿನ ತೊಟ್ಟಿಯನ್ನೂ ಹೊತ್ತು ತಂದಿದ್ದ. ಅದರೊಳಗೆ ಮಗಳು ಸಾಕಿದ ಬಂಗಾರದ ಮೀನುಗಳಿದ್ದವು.

“ಜೀವಾನ ಗಾಜಿನಾಗ ಸೆರಿ ಇಡೂದು ನಮ್ಮ ಧರ್ಮ ಅಲ್ಲ, ತಮ್ಮಾ,” ಎಂದಳು ಚಂಪವ್ವ.

“ಗೊತ್ತೈತ್ರಿ ಅವ್ವಾರ. ಆದ್ರ ಇವು ಸುಮತಿಯವು.”

ಚಂಪವ್ವ ಅವನ ಮುಖ ನೋಡಿದಳು. ಆಮೇಲೆ ಬಾಗಿಲಿನಿಂದ ಸರಿದು ನಿಂತಳು.

“ಪಡಸಾಲ್ಯಾಗ ಇಡು. ಬಿಸಲು ಬೀಳದಲ್ಲಿ.”

ಸುಮತಿ ಹೋದದ್ದು ಕಾಮಾಲೆಯಿಂದ. ಕುಡಿಯುವ ನೀರಿನಿಂದ ಬಂದದ್ದು ಎಂದಿದ್ದರು ಡಾಕ್ಟರು. ಮನೆಗೊಂದು ನೀರಿನ ಫಿಲ್ಟರ್ ತನ್ನಿ ಎಂದು ಹೆಂಡತಿ ಕುಸುಮಾ ಬಹಳ ದಿನದಿಂದ ಹೇಳುತ್ತಲೇ ಇದ್ದಳು.

ಪಾಯಪ್ಪ ಜಿಪುಣನಲ್ಲ, ಸೋಮಾರಿಯೂ ಅಲ್ಲ. ಅವನಿಗೆ ಎಲ್ಲಕ್ಕಿಂತ ಒಳ್ಳೆಯದೇ ಬೇಕಿತ್ತು. ಇದರಲ್ಲಿ ಅದಿಲ್ಲ, ಅದರಲ್ಲಿ ಇದಿಲ್ಲ ಎಂದು ಅಂಗಡಿಯಿಂದ ಅಂಗಡಿಗೆ ಅಲೆದ. ಕಂಡವರನ್ನೆಲ್ಲ ಕೇಳಿದ. ಇನ್ನೂ ಕೇಳುತ್ತಿರುವಾಗಲೇ ಮಗಳ ಕಣ್ಣು ಹಳದಿಯಾದವು.

ಮಣ್ಣು ಮಾಡಿ ಬಂದ ಮೇಲೆ ಅವನು ಫಿಲ್ಟರ್ ತಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಎಂದು ಓಣಿಯವರು ಅವನ ಬೆನ್ನ ಹಿಂದೆ ಆಡಿದರು. ಎದುರಿಗೆ ಬಂದಾಗ ಮಾತ್ರ, ಎಲ್ಲ ಕರ್ಮ ಪಾಯಪ್ಪ, ಅವಳ ಆಯುಷ್ಯ ಅಷ್ಟೇ ಇತ್ತು, ಎಂದರು. ಕುಸುಮಾ ಏನೂ ಅನ್ನಲಿಲ್ಲ, ಸುಮ್ಮನೆ ತವರಿಗೆ ಹೋದಳು. ಬಂದವರ ಮಾತನ್ನು ಅವನು ಹೇಗೋ ತಡೆದುಕೊಂಡ. ಅವಳ ಮೌನವನ್ನು ತಡೆದುಕೊಳ್ಳಲು ಆಗಲಿಲ್ಲ.

ಉಳಿದದ್ದು ಮೀನು. ಅವುಗಳ ನೀರಿನಲ್ಲಾದರೂ ಒಂದು ಕಣ ಹೊಲಸು ಇರಬಾರದು ಎಂದು ಅವನು ಹಟ ತೊಟ್ಟ.

ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರ್ ಇತ್ತು. ಸುಮತಿ ಇದ್ದಾಗ ಅದು ಯಾವಾಗಲೂ ಲೋಳೆಲೋಳೆ. ಮನಸ್ಸು ಬಂದಾಗ ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಸ್ಪಂಜನ್ನು ಒಂದೆರಡು ಸಲ ಹಿಂಡಿ, ಮತ್ತೆ ಇಟ್ಟುಬಿಡುತ್ತಿದ್ದಳು. ಅದೇನು ತೊಳೆಯೋದು, ಹೊಲಸು ಹುಡುಗಿ, ಎಂದು ಪಾಯಪ್ಪ ಗದರುತ್ತಿದ್ದ. ಅವಳು ನಾಲಿಗೆ ಚಾಚಿ ಓಡುತ್ತಿದ್ದಳು.

ಈಗ ಅವನು ದಿನಾ ಬೆಳಿಗ್ಗೆ ಮಿಂದು, ಮಡಿಯುಟ್ಟು, ಪೂಜೆಯ ಪಾತ್ರೆ ಬೆಳಗಿದಷ್ಟೇ ಶ್ರದ್ಧೆಯಿಂದ ಸ್ಪಂಜು ತೊಳೆಯುತ್ತಿದ್ದ. ತೊಳೆದು ಕುದಿಸುತ್ತಿದ್ದ. ಗಾಜು ಉಜ್ಜುತ್ತಿದ್ದ, ಕಲ್ಲು ಉಜ್ಜುತ್ತಿದ್ದ. ಬಾವಿಯ ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಕಾಯಿಸಿ, ಆರಿಸಿ ತುಂಬುತ್ತಿದ್ದ. ತೊಟ್ಟಿ ಥಳಥಳ ಹೊಳೆಯುತ್ತಿತ್ತು.

ಮಗಳ ಸೋಮಾರಿ ಕೈಯಲ್ಲಿ ಬದುಕಿದ್ದ ಮೀನುಗಳು ಅಪ್ಪನ ಚುರುಕು ಕೈಯಲ್ಲಿ ಒಂದೊಂದಾಗಿ ಸತ್ತವು.

ಸ್ಪಂಜು ಸಾಲದೆಂದು ಅವನು ತೊಟ್ಟಿಯ ಬೆನ್ನಿಗೆ ನೇತುಹಾಕುವ ಇನ್ನೊಂದು ಫಿಲ್ಟರ್ ತಂದ. ಅದರಿಂದ ನೀರು ಸಣ್ಣ ಝರಿಯಂತೆ ಬೀಳುತ್ತಿತ್ತು. ಅದನ್ನೂ ದಿನಾ ಬಿಚ್ಚಿ ಕುದಿಸಿದ. ಮೀನುಗಳು ಸಾಯುವುದು ನಿಲ್ಲಲಿಲ್ಲ.

ಒಂದು ಸಂಜೆ ಹೊಂಗೆಮರದ ಬುಡದಲ್ಲಿ ಮತ್ತೊಂದನ್ನು ಹೂಳಿ, ಮಣ್ಣುಗೈಯಲ್ಲೇ ಚಂಪವ್ವನ ಎದುರು ಬಂದು ಕುಳಿತ. ಅವಳು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು.

“ಅವ್ವಾರ, ಯಾವ ಫಿಲ್ಟರ್ ತರಲಿ?”

“ನನ್ನ ಕೇಳ್ತಿ? ನಾ ಏನು ಮೀನಿನ ಡಾಕ್ಟರೇನೋ?”

“ನಗಬ್ಯಾಡ್ರಿ. ಇವತ್ತೂ ಒಂದು ಹೋತು.”

ಚಂಪವ್ವನ ಕೈ ನಿಂತಿತು.

“ಎಷ್ಟು ಉಳದಾವು?”

“ಒಂದ. ಬೆಲ್ಲ.”

ಬೆಲ್ಲ ಎಂದರೆ ಸುಮತಿ ಎಲ್ಲಕ್ಕಿಂತ ಹೆಚ್ಚು ಮುದ್ದು ಮಾಡುತ್ತಿದ್ದ ಮೀನು. ಹೊಸ ಬೆಲ್ಲದ ಬಣ್ಣ ಎಂದು ಅವಳೇ ಇಟ್ಟ ಹೆಸರು. ಗಾಜಿನ ಮೇಲೆ ಬೆರಳಿಟ್ಟರೆ ಬಂದು ಮೂತಿ ಒತ್ತುತ್ತಿತ್ತು. ಆ ಬೆರಳನ್ನು ನೋಡಿದ್ದ ಜೀವ ಇನ್ನು ಅದೊಂದೇ ಎಂದು ಪಾಯಪ್ಪ ಅದರ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದ.

“ಇನ್ನೊಂದು ನಮೂನಿ ಐತ್ರಿ,” ಎಂದ. “ಡಬ್ಬಿಯಂಥಾದು. ಒಳಗ ಕಲ್ಲು, ಇದ್ದಲಿ, ಸ್ಪಂಜು ಒಂದರ ಮ್ಯಾಲೊಂದು. ಕಣ್ಣಿಗೆ ಕಾಣದ ಹೊಲಸನ್ನೂ ಹಿಡಿತೈತಂತ.”

“ಹಿಡದದ್ದನ್ನ ಏನ್ ಮಾಡ್ತೈತಿ?”

“ಏನ್ ಮಾಡ್ತೈತ್ರಿ? ಹಿಡದ ಇಟ್ಕೊಂತೈತಿ. ನಾ ತೊಳದ ಚೆಲ್ತೀನಿ.”

ಚಂಪವ್ವ ಮೊರ ಬದಿಗಿಟ್ಟು ಎದ್ದಳು.

“ಬಾ. ನೀರು ಗಾಳಿಸೂ ಹೊತ್ತಾತು.”

ಬಾವಿಯ ಕಟ್ಟೆಯ ಮೇಲೆ ಅವನು ಎರಡು ಮಡಿಕೆಯ ಬಟ್ಟೆಯ ಒಂದು ತುದಿ ಹಿಡಿದ, ಅವಳು ಇನ್ನೊಂದು. ಕೊಡದ ನೀರು ಬಟ್ಟೆಯೊಳಗಿಂದ ಹಾಯ್ದು ಕೆಳಗಿನ ಹಂಡೆಗೆ ಇಳಿಯಿತು. ಆಮೇಲೆ ಚಂಪವ್ವ ಬಟ್ಟೆಯನ್ನು ತಿರುವಿ, ಗಾಳಿಸಿದ ನೀರನ್ನೇ ಅದರ ಮೇಲೆ ಹನಿಹನಿಯಾಗಿ ಸುರಿದು, ಬಟ್ಟೆಯಲ್ಲಿ ನಿಂತದ್ದನ್ನು ಒಂದು ಸಣ್ಣ ಬಿಂದಿಗೆಗೆ ತೊಳೆದುಕೊಂಡಳು. ಬಿಂದಿಗೆಯನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ನೀರಿನ ಮೈಗೆ ತಾಗಿದ ಮೇಲಷ್ಟೇ ಮೆಲ್ಲಗೆ ಮಗುಚಿದಳು.

“ಇದ್ಯಾಕ ಇಷ್ಟು ಪಡಿಪಾಟಲು?” ಎಂದಳು. “ಬಟ್ಟೀನ ಅಂಗಳದಾಗ ಝಾಡಿಸಿದ್ರ ಆಗೂದಿಲ್ಲೇನು?”

ಕೂಸಿಗೆ ಕೇಳುವ ಪ್ರಶ್ನೆ ತನಗೇಕೆ ಎಂದು ಪಾಯಪ್ಪನಿಗೆ ಬೇಸರವಾಯಿತು.

“ಬಟ್ಟ್ಯಾಗ ನಿಂತದ್ದು ಕಸ ಅಲ್ರಿ, ಜೀವ. ಯಾವ ನೀರಿನದೋ ಆ ನೀರಿಗೇ ಹೋಗಬೇಕು. ನಮ್ಮಜ್ಜಿ ನಾ ಸಣ್ಣಾಂವ ಇದ್ದಾಗ್ಲೇ ಹೇಳಿಕೊಟ್ಟಾಳ.”

“ಚಲೋ ಹೇಳಿಕೊಟ್ಟಾಳ.”

ಪಾಯಪ್ಪ ಕಾದ. ಮುಂದೆ ಏನೂ ಬರಲಿಲ್ಲ.

“ಯಾವ ಫಿಲ್ಟರ್ ಅಂತ ನೀವು ಹೇಳಲಿಲ್ರಿ.”

“ಹೇಳಿದೆ,” ಎಂದು ಚಂಪವ್ವ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಗುರುಗಳ ಒಗಟು ಶಿಷ್ಯನಿಗೆ ತಿಳಿಯದಿದ್ದರೆ ಕಥೆಗಳಲ್ಲಿ ಏನೂ ನಷ್ಟವಾಗುವುದಿಲ್ಲ. ಹನ್ನೆರಡು ವರ್ಷ ಕಾದು ಆಮೇಲೆ ತಿಳಿದುಕೊಳ್ಳುತ್ತಾನೆ. ಇಲ್ಲಿ ಕಾಯುವಷ್ಟು ಆಯುಷ್ಯ ಆ ಮೀನಿಗೆ ಇರಲಿಲ್ಲ.

ಮರುದಿನ ಪಾಯಪ್ಪ ಪೇಟೆಗೆ ಹೋಗಿ ಡಬ್ಬಿಯ ಫಿಲ್ಟರ್ ತಂದ. ಸ್ಪಂಜು ಹಳೇದಾದಷ್ಟೂ ಚಲೋ ರೀ, ಭಾಳ ತೊಳಿಬ್ಯಾಡ್ರಿ, ಎಂದು ಅಂಗಡಿಯವನು ಅಂದಿದ್ದ. ಇವನೂ ಒಬ್ಬ ಮೈಗಳ್ಳ ಎಂದುಕೊಂಡು ಪಾಯಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಡಬ್ಬಿ, ಹೊಸ ಕಲ್ಲು, ಹೊಸ ನೀರು. ತೊಟ್ಟಿಯ ಮೂಲೆಮೂಲೆಯನ್ನೂ ಉಜ್ಜಿ, ಬೆಲ್ಲವನ್ನು ಒಳಗೆ ಬಿಟ್ಟ. ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನು ಗಾಳಿಯಲ್ಲಿ ನಿಂತ ಹಾಗೆ ಕಂಡಿತು.

ಮೊದಲೆರಡು ದಿನ ಚೆನ್ನಾಗಿಯೇ ಇತ್ತು. ಆಮೇಲೆ ಮೇಲಕ್ಕೆ ಬಂದು ಬಾಯಿ ಕಳೆಯತೊಡಗಿತು. ಕಿವಿರು ಕೆಂಪಾದವು. ಪಾಯಪ್ಪ ಗಾಜಿಗೆ ಬೆರಳಿಟ್ಟ. ಅದು ಬರಲಿಲ್ಲ.

ಓಡಿಹೋಗಿ ಚಂಪವ್ವನನ್ನು ಕರೆತಂದ. ಅವಳು ಮೊಣಕಾಲು ಹಿಡಿದುಕೊಂಡು ತೊಟ್ಟಿಯ ಮುಂದೆ ಕುಳಿತಳು.

“ಹಳೇ ಸ್ಪಂಜು ಎಲ್ಲೈತಿ?”

“ಕುದಿಸಿ ಒಣಗಿಸೀನ್ರಿ.”

“ಅದನ್ನ ತೊಳದ ನೀರು ಇಷ್ಟು ದಿನಾ ಎಲ್ಲಿ ಚೆಲ್ಲಿದಿ?”

“ಮೋರಿಗೆ...”

ಹೊರಗೆ ಬಾವಿಯ ಕಟ್ಟೆಯ ಮೇಲೆ ಗಾಳಿಸುವ ಬಟ್ಟೆ ಒಣಗುತ್ತಿತ್ತು. ಅವನು ಅದನ್ನೇ ನೋಡಿದ. ಬಕೆಟ್ಟಿನಲ್ಲಿ ಸ್ಪಂಜು ಹಿಂಡುವ ಸಣ್ಣ ಕೈ ನೆನಪಾಯಿತು, ಅಂಗಡಿಯವನ ಮಾತು ನೆನಪಾಯಿತು.

ಆ ಲೋಳೆಯೇ ಜೀವ. ಮೀನಿನ ಹೊಲಸನ್ನು ತಿಂದು ನೀರನ್ನು ಕಾಯುತ್ತಿದ್ದದ್ದು ಅದೇ. ದಿನಾ ಮಡಿಯುಟ್ಟು ಅವನು ಕುದಿಸಿದ್ದು ಅದನ್ನೇ. ಕಾಯುವ ಆ ಜೀವ ಸತ್ತ ಮೇಲೆ ಮೀನುಗಳು ತಮ್ಮದೇ ಹೊಲಸಿನ ವಿಷಕ್ಕೆ ಸತ್ತಿದ್ದವು.

“ಮೊದಲ ಯಾಕ ಹೇಳಲಿಲ್ರಿ?” ಎಂದ. ಅವನ ದನಿ ಏರಲಿಲ್ಲ, ಸೋತಿತ್ತು.

“ನನಗ ಮೀನಿನ ಸುದ್ದಿ ಗೊತ್ತಿಲ್ಲೋ. ಬಾವೀದು ಗೊತ್ತಿತ್ತು. ಅದನ್ನ ತೋರಿಸಿದೆ. ನೀ ನಿನ್ನಷ್ಟಕ್ಕ ತಿಳ್ಕೊಳ್ಳಲಿ ಅಂತ ಬಿಟ್ಟೆ.” ಚಂಪವ್ವ ತೊಟ್ಟಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. “ಸೀದಾ ಕೇಳಬೇಕಿತ್ತು. ತಪ್ಪಾತು.”

ಗುರು ತಪ್ಪಾಯಿತು ಎಂದದ್ದನ್ನು ಪಾಯಪ್ಪ ಅಲ್ಲಿಯವರೆಗೆ ಕೇಳಿರಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ಭಯವಾಯಿತು.

“ಈಗ ಸೀದಾ ಹೇಳ್ತೀನಿ, ಕೇಳು,” ಎಂದಳು. “ದನಾ ಕುಡಿಯೂ ಕಲ್ಲಬಾನಿ ಐತೆಲ್ಲ, ಅದಕ್ಕ ಬಿಡು. ಅದನ್ನ ಯಾರೂ ತಿಕ್ಕಿಲ್ಲ. ಹೊಳಿಮೀನು ಅದರಾಗ ವರ್ಷಾನುಗಟ್ಲೆ ಅದಾವು.”

ಪಾಯಪ್ಪ ಮೀನನ್ನು ಒಂದು ಮಗ್ಗಿಗೆ ತೆಗೆದುಕೊಂಡು ಬಾನಿಯ ಬಳಿಗೆ ಓಡಿದ. ಬಾನಿಯ ನೀರು ದಟ್ಟ ಹಸಿರಾಗಿತ್ತು. ಅಂಚಿನಲ್ಲಿ ಪಾಚಿ ಜೋಲುತ್ತಿತ್ತು, ಎಮ್ಮೆಯ ಜೊಲ್ಲು ತೇಲುತ್ತಿತ್ತು. ಅವನ ಕೈ ಅಲ್ಲೇ ನಿಂತುಬಿಟ್ಟಿತು.

“ಅವ್ವಾರ, ಹೊಲಸು ನೀರ್ರಿ ಇದು.”

“ಬಿಡೋ.”

“ಹೊಲಸು ನೀರಿನಿಂದ ಆಕಿ ಹೋಗ್ಯಾಳ್ರಿ. ಆಕಿ ಮೀನನ್ನ ನನ್ನ ಕೈಲೇ ಇದರಾಗ ಹ್ಯಾಂಗ ಬಿಡ್ಲಿ?”

“ಅದು ಬ್ಯಾರೆ, ಇದು ಬ್ಯಾರೆ. ಬಿಡು, ಪಾಯಪ್ಪ.”

“ಹೊಳಿಗೆ ಬಿಟ್ರ? ಹೊಳಿ ನೀರು ಹರಿಯೂ ನೀರು, ಸ್ವಚ್ಛ ಇರ್ತೈತಿ. ಇಲ್ಲಂದ್ರ ಬಾವಿಗೆ? ಬಾವಿ ನೀರು ತಣ್ಣಗ ಆಗತೈತೋ ಏನೋ. ಹೊಳ್ಯಾಗ ದೊಡ್ಡ ಮೀನು ತಿಂದ್ರ? ಒಂದೀಟು ತಡೀರಿ, ನೋಡೂಣು...”

“ಇಲ್ಲಿ ಕೊಡು,” ಎಂದು ಚಂಪವ್ವ ಎರಡೂ ಕೈ ಚಾಚಿದಳು.

ಪಾಯಪ್ಪ ಮಗ್ಗನ್ನು ಎದೆಗೆ ಅವಚಿಕೊಂಡ. ಮುದುಕಿಯ ಕೈಗೆ ಅದನ್ನು ಬಿಡಿಸಿಕೊಳ್ಳುವ ಬಲವಿರಲಿಲ್ಲ. ಅವನು ಹೊಳೆಯ ಕಡೆ ನೋಡಿದ, ಬಾವಿಯ ಕಡೆ ನೋಡಿದ, ಮತ್ತೆ ಬಾನಿಯ ಕಡೆ ನೋಡಿದ. ಅಂಗಡಿಯಿಂದ ಅಂಗಡಿಗೆ ಅಲೆದದ್ದೂ ಹೀಗೆಯೇ.

ಕೊನೆಗೆ ಅವನು ಬಾಗಿ ಮಗ್ಗನ್ನು ಬಾನಿಯಲ್ಲಿ ಅದ್ದಿದ. ಬೆಲ್ಲ ಹೊರಗೆ ತೇಲಿತು, ಈಜಲಿಲ್ಲ. ಹೊಟ್ಟೆ ಮೇಲಾಗಿ, ಹಸಿರು ನೀರಿನ ಮೇಲೆ ಹಾಗೆಯೇ ನಿಂತಿತು. ಸಣ್ಣ ಹೊಳೆಮೀನೊಂದು ಬಂದು ಮೂಸಿ ಹೋಯಿತು.

ಪಾಯಪ್ಪ ಬಾನಿಯ ಅಂಚಿಗೆ ಹಣೆಯಿಟ್ಟು ಅತ್ತ. ಸುಮತಿಯನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಚಂಪವ್ವ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ಆತ್ಮಕ್ಕೆ ಸಾವಿಲ್ಲ ಎಂದು ಹೇಳಲಿಲ್ಲ. ಆ ಸಂಜೆ ಪಾಠವಿರಲಿಲ್ಲ.

ಮರುದಿನ ತೊಟ್ಟಿ ಖಾಲಿಯಾಗಿ ಪಡಸಾಲೆಯಲ್ಲಿತ್ತು. ಹೊಸ ಫಿಲ್ಟರನ್ನು ಯಾರೂ ಬಂದ್ ಮಾಡಿರಲಿಲ್ಲ. ನೀರಿಲ್ಲದೆ ಅದು ಗರ್ ಎನ್ನುತ್ತಿತ್ತು. ಪಾಯಪ್ಪ ಹೋಗಿ ಗುಂಡಿ ಒತ್ತಿದ.

ಹೊತ್ತು ಇಳಿಯುವಾಗ ಚಂಪವ್ವ ಬಾವಿಯ ಕಟ್ಟೆಯ ಮೇಲೆ ಕೊಡ, ಹಂಡೆ, ಬಟ್ಟೆ ಎಲ್ಲ ಇಟ್ಟುಕೊಂಡು ಕಾಯುತ್ತಿದ್ದಳು. ಪಾಯಪ್ಪ ಬಂದು ದೂರದಲ್ಲೇ ನಿಂತ.

“ಅವ್ವಾರ, ಒಂದು ಮಾತು ಕೇಳ್ತೀನಿ. ಒಗಟು ಹೇಳಬ್ಯಾಡ್ರಿ.”

“ಇಲ್ಲ. ಕೇಳು.”

“ಕರ್ಮ ಅಂತಾನೂ ಅನಬ್ಯಾಡ್ರಿ. ಅದನ್ನ ಎಲ್ಲಾರೂ ಅಂದಾರ.”

“ಅನ್ನೂದಿಲ್ಲ.”

ಈ ಪ್ರಶ್ನೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ಕುಸುಮಾಳ ಮುಖದಲ್ಲಿ ಅದರ ಉತ್ತರ ಕಂಡು ಮನೆ ಬಿಟ್ಟು ಬಂದಿದ್ದ. ಇಷ್ಟು ದಿನ ಮೀನಿನ ಹೆಸರಿನಲ್ಲಿ ಅದನ್ನೇ ಕೇಳಿದ್ದ.

“ಸುಮತಿಗೆ ನಾ ಯಾವ ಫಿಲ್ಟರ್ ತರಬೇಕಿತ್ತು?”

ಚಂಪವ್ವನ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ಅವನಿಂದ ಮುಖ ತಿರುಗಿಸಲೂ ಇಲ್ಲ.

“ಯಾವುದ ತಂದಿದ್ರೂ ಆಗತಿತ್ತು, ಪಾಯಪ್ಪ. ಬಾ, ಬಟ್ಟೀದು ಆ ತುದಿ ಹಿಡಿ.”