ಗೋಡೆಯ ಮೇಲಿನ ಹನ್ನೊಂದು ಜನ

ಕಾಳಿ ಹೊಳೆಯ ದಂಡೆಯ ಮೇಲೆ ಒಂದು ಮೈದಾನವಿತ್ತು. ಮೈದಾನದ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಕೋಣೆ. ಅದರಲ್ಲಿ ರುಜಾರ ಮಾಸ್ತರ ಒಬ್ಬರೇ ಇರುತ್ತಿದ್ದರು. ಊರವರು ಆ ಕೋಣೆಯನ್ನು ಮಠ ಎನ್ನುತ್ತಿದ್ದರು.

ಮಾಸ್ತರ ಪೂಜೆ ಮಾಡುತ್ತಿರಲಿಲ್ಲ, ಪ್ರವಚನ ಹೇಳುತ್ತಿರಲಿಲ್ಲ. ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಅಪ್ಪ ಕಲಿತ ಮೈದಾನಕ್ಕೇ ಮುಂದೆ ಮಗನೂ ಬಂದದ್ದುಂಟು.

ಚೆನ್ನಾಗಿ ಕಲಿತವನನ್ನು ಮಾಸ್ತರ ಒಂದು ದಿನ ಹತ್ತಿರ ಕರೆಯುತ್ತಿದ್ದರು. "ಬ್ಯಾಗ್ ಕಟ್ಟು" ಎನ್ನುತ್ತಿದ್ದರು. ಅಷ್ಟೇ. ಅವನು ಗೋವಾದ ಕ್ಲಬ್ಬಿಗೋ, ಕೋಲ್ಕತ್ತಾಕ್ಕೋ, ರೈಲ್ವೆ ತಂಡಕ್ಕೋ ಹೋಗುತ್ತಿದ್ದ. ಹೋದವರು ತಿರುಗಿ ಬರುವುದು ಅಪರೂಪ.

ಹೋಗದೆ ಉಳಿದವನು ಗಂಗಾರಾಮ.

ಮೀಸೆ ಮೂಡುವ ಮೊದಲು ಬಂದವನು. ಈಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಬೆಳಿಗ್ಗೆ ಮೈದಾನ ಗುಡಿಸುತ್ತಿದ್ದ, ಸುಣ್ಣದ ಗೆರೆ ಎಳೆಯುತ್ತಿದ್ದ, ಚೆಂಡಿಗೆ ಗಾಳಿ ತುಂಬುತ್ತಿದ್ದ, ಮಾಸ್ತರರಿಗೆ ಅನ್ನ ಬೇಯಿಸುತ್ತಿದ್ದ. ಸಂಜೆ ಆಡುತ್ತಿದ್ದ. ಅವನದು ಸ್ಟಾಪರ್ ಜಾಗ. ಗೋಲ್‌ಕೀಪರನ ಮುಂದೆ ನಡುವೆ ನಿಂತು, ನುಗ್ಗಿ ಬರುವವನನ್ನು ತಡೆಯುವ ಕೆಲಸ.

ಹಿಂದೆ ಒಮ್ಮೆ ಕಾಗದದ ಮಿಲ್ಲಿನಲ್ಲಿ ನೌಕರಿ ಬಂದಿತ್ತು. "ಈ ಸೀಸನ್ ಮುಗೀಲಿ" ಎಂದ. ನೌಕರಿ ತಮ್ಮನಿಗೆ ಹೋಯಿತು.

ಸುಲಭಾ ಎಂಬ ಹುಡುಗಿಯ ಮನೆಯಿಂದ ಮದುವೆಯ ಮಾತು ಬಂತು. ಅವನಿಗೂ ಅವಳ ಮೇಲೆ ಮನಸ್ಸಿತ್ತು. "ಈ ಸೀಸನ್ ಮುಗೀಲಿ" ಎಂದ. ಅವಳು ಕಾದಳು. ಆಮೇಲೆ ಕಾಯಲಿಲ್ಲ.

ಸೀಸನ್ನು ಮುಗಿಯುತ್ತಿತ್ತು. ಇನ್ನೊಂದು ಶುರುವಾಗುತ್ತಿತ್ತು. ಪ್ರತಿ ಸಲವೂ ಗಂಗಾರಾಮ ಮಾಸ್ತರರ ಮುಖ ನೋಡುತ್ತಿದ್ದ. ಈ ಸಲ ಕರೆದು ಹೇಳುತ್ತಾರೆ ಅಂದುಕೊಳ್ಳುತ್ತಿದ್ದ. ಅವನ ಬ್ಯಾಗು ಮಾತ್ರ ಗೂಟದ ಮೇಲೆಯೇ ಇರುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ, ಕೆಸರಿನಲ್ಲಿ ಆಡುವಾಗ, ಅವನ ಬಲಗಾಲಿನ ಮೊಣಕಾಲು ತಿರುಚಿತು. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದರು.

"ನಡೀಬಹುದು. ಓಡೋದು ಇನ್ನ ಆಗಂಗಿಲ್ಲ" ಎಂದರು.

ಗಂಗಾರಾಮ ಬಂದು ಮಾಸ್ತರರಿಗೆ ಹೇಳಿದ.

"ನೋವೈತೇನು?" ಮಾಸ್ತರ ಕೇಳಿದರು.

"ಐತ್ರಿ."

ಮಾಸ್ತರ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕಿದರು. ಗಂಗಾರಾಮ ಕಾಯುತ್ತಿದ್ದ. ಎಣ್ಣೆ ಆರಿತು. ಮಾಸ್ತರ ಎದ್ದು ಕೈ ತೊಳೆದುಕೊಂಡರು.

ಅದೇ ವಾರ ಊರಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ನಾಗವೇಕರ ಬಂದ. ಜೊತೆಗೆ ಪೇಂಟರ್ ದಸ್ತಗೀರ, ಅವನ ಹೆಗಲ ಮೇಲೆ ಏಣಿ.

"ಮಾಸ್ತರ, ಸಂಘದ ಗ್ವಾಡಿ ಮ್ಯಾಲ ಒಂದು ಟೀಮ್ ಬರಸಬೇಕಂತ ಮಾಡೇವಿ" ಎಂದ ನಾಗವೇಕರ. "ಇಲ್ಲಿ ಇಲ್ಲೀತನಕ ಯಾರ್‍ಯಾರು ಆಡ್ಯಾರ, ಎಲ್ಲಾರೊಳಗ ಶ್ರೇಷ್ಠ ಹನ್ನೊಂದು ಮಂದಿ. ಎಲ್ಲಾರೂ ಒಂದ ದಿನ, ಒಂದ ಟೀಮಿನಾಗ ಆಡಿದ್ರ ಹೆಂಗಿರ್ತಿತ್ತು! ಹೆಸರಿನ ಕೆಳಗ ಅವರ ಬಲಾನೂ ಬರೆಯೋಣು. ನೀವ ಆರಿಸಿ ಹೇಳ್ರಿ."

ಮಾಸ್ತರ ಕುರ್ಚಿ ಹಾಕಿಸಿಕೊಂಡು ಮೈದಾನದ ಅಂಚಿನಲ್ಲಿದ್ದ ಸಂಘದ ಗೋಡೆಯ ಎದುರು ಕೂತರು. ಏಣಿ ಹಿಡಿಯಲು ಯಾರೂ ಇರಲಿಲ್ಲ.

"ಗಂಗಾರಾಮ, ಸ್ವಲ್ಪ ಹಿಡಿಯೋ" ಎಂದ ನಾಗವೇಕರ.

ಗಂಗಾರಾಮ ಹಿಡಿದ. ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತ. ಮಾಸ್ತರ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ, ನಿಜ. ಆದರೆ ಇಷ್ಟು ವರ್ಷ ಈ ಮೈದಾನದಲ್ಲಿ ನನ್ನಷ್ಟು ಆಡಿದವರು ಇನ್ಯಾರಿದ್ದಾರೆ? ಕಡೆಗೆ ಗೋಡೆಯ ಮೇಲಾದರೂ.

"ಗೋಲ್‌ಕೀಪರ್ ಪಾಸ್ಕಲ" ಎಂದರು ಮಾಸ್ತರ.

"ಬಲ? ಉದ್ದನ್ನ ಕೈ ಅಂತ ಬರೀಲೇನ್ರಿ?"

"ಮರೆವು ಅಂತ ಬರಿ."

ನಾಗವೇಕರ ನಕ್ಕ. ಮಾಸ್ತರ ನಗಲಿಲ್ಲ. "ಗೋಲ್ ಆತಂದ್ರ, ಚೆಂಡು ನಡುಗೆರಿಗೆ ಹೋಗೂದ್ರಾಗ ಅಂವ ಅದನ್ನ ಮರೀತಿದ್ದ. ಉಳಿದವರು ರಾತ್ರಿಯೆಲ್ಲಾ ನೆನೀತಿದ್ರು."

ದಸ್ತಗೀರ ನೀಲಿ ಬಣ್ಣದಲ್ಲಿ ಬರೆದ.

"ಎಡಕ್ಕ ಇಸ್ಮಾಯಿಲ್. ಅವನ ದನಿ. ಹಿಂದ ಅಂವ ಕೂಗಿದ್ರ, ಉಳಿದ ಹತ್ತೂ ಮಂದಿಗೆ ತಾವು ಎಲ್ಲಿದ್ದೇವಿ ಅಂತ ತಿಳೀತಿತ್ತು."

"ನಡುಮೈದಾನದಾಗ?"

"ವಿಠೋಬಾ. ನಿಧಾನ."

"ಮಾಸ್ತರ, ನಿಧಾನ ಅಂದ್ರ ಬಲ ಹೆಂಗಾತ್ರಿ?"

"ಎಲ್ಲಾರೂ ಓಡ್ತಿದ್ರು. ಅಂವ ಚೆಂಡನ್ನ ಓಡಸ್ತಿದ್ದ."

ಬಲಗಡೆಯ ವಿಂಗಿಗೆ ಕಾಡಿನ ಕಡೆಯಿಂದ ಬರುತ್ತಿದ್ದ ಸಿದ್ದಿ ಹುಡುಗ ಬಸ್ತ್ಯಾಂವ. ಅವನ ಬಲ ಭಯ ಎಂದರು ಮಾಸ್ತರ. ಕಾಲಿಗೆ ಒದೆ ಬೀಳುತ್ತದೆ ಎಂದು ಅವನಿಗೆ ವಿಪರೀತ ಹೆದರಿಕೆ. ಅದಕ್ಕೇ ಯಾರ ಕಾಲೂ ಅವನನ್ನು ಮುಟ್ಟಲಿಲ್ಲ.

ಮುಂದೆ ಫಿಲ್ಲು. ಅವನ ಬಲ ಸ್ವಾರ್ಥ.

"ಇದನ್ನ ಹೆಂಗ್ ಬರೆಯೋದ್ರಿ? ಅವರ ಮನಿಯವರು ನೋಡ್ತಾರ."

"ಗೋಲಿನ ಮುಂದ ಹೋಗಿ ಇನ್ನೊಬ್ಬಗ ಚೆಂಡ ಕೊಡೋ ಮನಶಾ ಉಪಯೋಗಿಲ್ಲ. ಬರಿ."

ಹೀಗೇ ಸಾಗಿತು. ಗಂಗಾರಾಮನಿಗೆ ಆ ಎಲ್ಲರೂ ಗೊತ್ತು. ಎಲ್ಲರ ಬೂಟಿನ ಕೆಸರನ್ನೂ ಒಂದಲ್ಲ ಒಂದು ದಿನ ಅವನೇ ಕೆರೆದು ತೆಗೆದಿದ್ದ. ಪಾಸ್ಕಲ ರೈಲ್ವೆ ಸೇರಿದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಫಿಲ್ಲು ಗೋವಾದಲ್ಲಿ ಎರಡು ಮಹಡಿಯ ಮನೆ ಕಟ್ಟಿದ್ದನಂತೆ. ವಿಠೋಬಾ ತೀರಿಕೊಂಡದ್ದು ಊರಿಗೆ ತಡವಾಗಿ ತಿಳಿದಿತ್ತು.

ಮಧ್ಯಾಹ್ನದ ಬಿಸಿಲು ಏರಿತು. ಗೋಡೆಯ ಮೇಲೆ ಒಂದೇ ಜಾಗ ಉಳಿದಿತ್ತು. ಗೋಲ್‌ಕೀಪರನ ಮುಂದೆ, ನಟ್ಟನಡುವೆ.

ನಾಗವೇಕರ ಒಳ್ಳೆಯ ಮನಸ್ಸಿನವನು. ಅವನೇ ಬಾಯಿ ಬಿಟ್ಟ. "ಸ್ಟಾಪರಿಗೆ ಕೇಳೋದೇನೈತ್ರಿ, ನಮ್ಮ ಗಂಗಾರಾಮ..."

"ಅಲ್ಲ" ಎಂದರು ಮಾಸ್ತರ. "ಜೋಕಿಂ."

ಗಂಗಾರಾಮ ತಲೆ ಎತ್ತಲಿಲ್ಲ.

"ಜೋಕಿಮಾ? ಅಂವ ಇಲ್ಲಿ ಒಂದ ಸೀಸನ್ ಆಡಿದ್ನಲ್ರಿ. ಆಮ್ಯಾಲ ಹಡಗಿಗೆ ಹೋದ."

"ಒಂದ ಸೀಸನ್ ಸಾಕು. ಅವನ ಬಲ ತಾಳ್ಮಿ. ಚೆಂಡಿಗೆ ಕಾಲು ಹಾಕ್ತಿದ್ದಿಲ್ಲ. ಎದುರಿನಂವ ತಪ್ಪು ಮಾಡೋತನಕ ಸುಮ್ನ ನಿಂದರತಿದ್ದ."

ಏಣಿ ಅಲುಗಿತು. ದಸ್ತಗೀರನ ಕುಂಚ ಜಾರಿ 'ಜೋ' ಅಕ್ಷರದಿಂದ ಒಂದು ನೀಲಿ ಗೆರೆ ಕೆಳಕ್ಕಿಳಿಯಿತು.

"ಏಯ್, ನೆಟ್ಟಗ ಹಿಡಿಯೋ ಮಾರಾಯಾ!"

ಗಂಗಾರಾಮ ನೆಟ್ಟಗೆ ಹಿಡಿದ. ಜೋಕಿಂ ಎಂಬ ಹೆಸರು ಪೂರ್ತಿಯಾಗುವವರೆಗೆ, ಅದರ ಕೆಳಗೆ ತಾಳ್ಮೆ ಎಂಬ ಪದ ಪೂರ್ತಿಯಾಗುವವರೆಗೆ ಹಿಡಿದೇ ಇದ್ದ. ದಸ್ತಗೀರ ಕೆಳಗಿಳಿದ ಮೇಲೆ ಏಣಿಯನ್ನು ಮಡಚಿ ಗೋಡೆಗೆ ಒರಗಿಸಿದ.

ನಾಗವೇಕರ ಅವನ ಬೆನ್ನು ತಟ್ಟಲು ಕೈ ಎತ್ತಿದ. ತಟ್ಟಲಿಲ್ಲ.

ಅವರು ಹೋದರು. ಗಂಗಾರಾಮ ಅನ್ನಕ್ಕಿಟ್ಟ. ಮಾಸ್ತರರಿಗೆ ಬಡಿಸಿದ. ತಾನು ಉಣ್ಣಲಿಲ್ಲ.

"ಉಣ್ಣು" ಎಂದರು ಮಾಸ್ತರ.

"ಹಸಿವಿಲ್ರಿ."

ಸಂಜೆ ಹುಡುಗರು ಆಡಿ ಮನೆಗೆ ಹೋದರು. ಗಂಗಾರಾಮ ಚೆಂಡುಗಳನ್ನು ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟ. ಚಪ್ಪಲಿ ಅಲ್ಲೇ ಬಿಟ್ಟ. ಕುಂಟುತ್ತಾ ಹೊಳೆಯ ಕಡೆ ನಡೆದ.

ಅವನಿಗೆ ಅಳು ಬರಲಿಲ್ಲ. ಸಿಟ್ಟೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಊರು ಬಿಟ್ಟು ಹೋದ ಮೇಲೆ ಒಳಗೆ ಒಂದು ಸದ್ದಿಲ್ಲದ ಸದ್ದು ಇರುತ್ತದಲ್ಲ, ಅದು ಅವನ ಎದೆಯೊಳಗಿತ್ತು. ತಮ್ಮನ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಸುಲಭಾಳ ಮಗಳು ಅವಳಷ್ಟೇ ಎತ್ತರ ಬೆಳೆದಿದ್ದಳು. ತನ್ನ ಪಾಲಿಗೆ ಏನುಂಟು? ಓಡಲಾಗದ ಒಂದು ಕಾಲು.

ಹೊತ್ತು ಮುಳುಗುತ್ತಿತ್ತು. ಆ ಹೊಳೆಯಲ್ಲಿ ಮೊಸಳೆಗಳಿವೆ. ಸಂಜೆಯಾದ ಮೇಲೆ ದನವನ್ನೂ ಯಾರೂ ನೀರಿಗೆ ಬಿಡುವುದಿಲ್ಲ. ಆಚೆ ದಡದ ಮರಳಿನ ಮೇಲೆ ಕೊರಡಿನಂತೆ ಒಂದು ಬಿದ್ದುಕೊಂಡಿತ್ತು.

ಗಂಗಾರಾಮ ನೀರಿಗೆ ಇಳಿದ. ಮೊದಲು ಪಾದ. ಆಮೇಲೆ ಮೊಣಕಾಲು. ತಣ್ಣೀರು ತಾಗಿ ನೋವು ಸ್ವಲ್ಪ ಕಡಿಮೆಯಾಯಿತು. ಸೊಂಟದವರೆಗೆ ಹೋಗಿ ನಿಂತ. ಮುಂದೆ ಹೋಗಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ಯೋಚಿಸುವಷ್ಟು ಅವನೊಳಗೆ ಏನೂ ಉಳಿದಿರಲಿಲ್ಲ.

ಹಿಂದೆ ನೀರು ಕಲಕಿದ ಸದ್ದಾಯಿತು.

ತಿರುಗಿ ನೋಡಿದ. ರುಜಾರ ಮಾಸ್ತರ ಬರುತ್ತಿದ್ದರು. ಬೂಟು ಹಾಕಿಕೊಂಡೇ, ಕೋಲು ಊರಿಕೊಂಡು, ನೀರೊಳಗೆ ನಡೆದು ಬರುತ್ತಿದ್ದರು.

"ಮಾಸ್ತರ, ಹಿಂದಕ್ಕ ಹೋಗ್ರಿ! ಮೊಸಳಿ ಅದಾವು."

"ನನಗ ಗೊತ್ತಿಲ್ಲೇನು?"

ಅವರು ನಿಲ್ಲಲಿಲ್ಲ. ಅಂಗಿ ನೀರಿನ ಮೇಲೆ ಉಬ್ಬಿ ತೇಲಿತು. ಬಂದು ಪಕ್ಕದಲ್ಲಿ ನಿಂತರು. ಮುದುಕರ ಉಸಿರು ಜೋರಾಗಿತ್ತು.

"ಯಾಕ ಬಂದ್ರಿ?"

"ನೀ ಯಾಕ ಬಂದಿ?"

ಇಬ್ಬರೂ ಆಚೆ ದಡ ನೋಡುತ್ತಾ ನಿಂತರು. ಮರಳಿನ ಮೇಲಿದ್ದದ್ದು ಅಲುಗಲಿಲ್ಲ.

"ಗ್ವಾಡಿ ಮ್ಯಾಲ ಹೆಸರಿಲ್ಲಂತ ಬಂದಿಲ್ರಿ ನಾ" ಎಂದ ಗಂಗಾರಾಮ ಕೊನೆಗೆ.

"ಸುಳ್ಳು ಹೇಳಬ್ಯಾಡ."

ನೀರು ಹರಿಯುತ್ತಿತ್ತು.

"ಬರಸಬೇಕಿತ್ರಿ" ಎಂದ ಅವನು. "ಒಂದ ಹೆಸರು. ಬರಸಿದ್ರ ಗ್ವಾಡಿ ಬೀಳ್ತಿತ್ತೇನು?"

"ಗ್ವಾಡಿ ಬೀಳ್ತಿದ್ದಿಲ್ಲ. ಆದ್ರ ದಿನಾ ಬೆಳಿಗ್ಗೆ ಎದ್ದು ಆ ಸುಳ್ಳನ್ನ ನೀನ ನೋಡಬೇಕಾಗ್ತಿತ್ತು."

"ಅಂದ್ರ ನಾ ಅಷ್ಟು ಕೆಟ್ಟ ಆಡ್ತಿದ್ನೇನ್ರಿ?"

"ಕೆಟ್ಟ ಅಲ್ಲ. ಎಲ್ಲಾರ ಹಂಗ ಆಡ್ತಿದ್ದಿ."

ಆ ಮಾತು ಮೊಣಕಾಲಿನ ನೋವಿಗಿಂತ ಆಳಕ್ಕೆ ಇಳಿಯಿತು.

"ಮೊದಲ ಯಾಕ ಹೇಳ್ಲಿಲ್ರಿ?"

"ನೀ ಕೇಳ್ಲಿಲ್ಲ."

"ಕೇಳಿದ್ರ ಹೇಳ್ತಿದ್ರೇನು?"

"ಹೇಳ್ತಿದ್ದೆ."

"ಹೇಳಿದ್ರ ನಾ ಬಿಟ್ಟು ಹೋಗ್ತಿದ್ದೆ. ಮಿಲ್ಲಿನ ನೌಕರಿ ನಂದಾಗ್ತಿತ್ತು. ಮನಿ, ಮಕ್ಕಳು ಇರ್ತಿದ್ರು. ಸುಲಭಾ..."

ಮಾಸ್ತರ ಆಚೆ ದಡದಿಂದ ಕಣ್ಣು ತೆಗೆದು ಅವನತ್ತ ತಿರುಗಿದರು.

"ಹೌದು" ಎಂದರು ಅವರು. "ಹೋಗ್ತಿದ್ದಿ. ಗೊತ್ತಿತ್ತು ನನಗ."

ಗೊತ್ತಿತ್ತು. ಗಂಗಾರಾಮ ಆ ಪದವನ್ನು ಕೇಳಿಸಿಕೊಂಡ. ಇಷ್ಟು ವರ್ಷ ಬೇಯಿಸಿ ಬಡಿಸಿದ ಅನ್ನದ ಮುಂದೆ ಕೂತು, ಎಲ್ಲ ಗೊತ್ತಿದ್ದೂ ಈ ಮನುಷ್ಯ ಊಟ ಮಾಡಿದ್ದರು. ಈಗ ಅವನಿಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಮುದುಕರ ಕಾಲು ಕೆಳಗಿನ ಮರಳಿನಲ್ಲಿ ಜಾರುತ್ತಿತ್ತು. ಅವನು ಕೈ ಚಾಚಿ ಅವರ ರಟ್ಟೆ ಹಿಡಿದುಕೊಂಡ.

ಆಚೆ ದಡದಲ್ಲಿ ಮರಳು ಖಾಲಿಯಾಗಿತ್ತು. ಬಿದ್ದುಕೊಂಡಿದ್ದದ್ದು ಯಾವಾಗ ನೀರಿಗೆ ಸರಿಯಿತೋ ಇಬ್ಬರೂ ನೋಡಿರಲಿಲ್ಲ.

"ನಡೀರಿ ಮಾಸ್ತರ, ಮ್ಯಾಲ ಹೋಗೋಣು."

"ನೀ?"

"ನಿಮ್ಮನ್ನ ದಂಡಿಗೆ ಬಿಟ್ಟು ಬರ್ತೇನಿ."

"ಹಂಗಾದ್ರ ನಾ ಬರಂಗಿಲ್ಲ."

ಗಂಗಾರಾಮ ಅವರನ್ನು ಎಳೆದ. ಅವರು ಕೋಲನ್ನು ಊರಿ ಗಟ್ಟಿಯಾಗಿ ನಿಂತರು. ಅವನು ನೀರಿನ ಮೇಲೆಲ್ಲ ಕಣ್ಣಾಡಿಸಿದ. ನೀರು ಕಪ್ಪಾಗಿತ್ತು. ಏನೂ ಕಾಣಲಿಲ್ಲ.

"ಬರ್ತೇನ್ರಿ" ಎಂದ. "ನಾನೂ ಬರ್ತೇನಿ. ನಡೀರಿ."

ಇಬ್ಬರೂ ನಿಧಾನವಾಗಿ ದಡದ ಕಡೆ ತಿರುಗಿದರು. ಒಬ್ಬನ ಕಾಲು ಸರಿಯಿಲ್ಲ, ಇನ್ನೊಬ್ಬರಿಗೆ ಶಕ್ತಿಯಿಲ್ಲ. ಯಾರು ಯಾರನ್ನು ಹಿಡಿದಿದ್ದರೋ ಹೇಳುವುದು ಕಷ್ಟವಿತ್ತು. ದಡದ ಕಲ್ಲಿನ ಮೇಲೆ ಬಂದು ಕುಸಿದು ಕೂತರು. ಬಟ್ಟೆಯಿಂದ ನೀರು ಸೋರುತ್ತಿತ್ತು.

ಗಂಗಾರಾಮ ಮಾಸ್ತರರ ಬೂಟಿನ ಲೇಸು ಬಿಚ್ಚಿದ. ಬೂಟು ತಲೆಕೆಳಗು ಮಾಡಿ ನೀರು ಸುರಿದ. ತಲೆ ಬಗ್ಗಿಸಿಕೊಂಡೇ ಕೇಳಿದ.

"ಎಲ್ಲಾರದೂ ಒಂದೊಂದು ಬಲ ಹೇಳಿದ್ರಿ. ಹೆದರಿಕೀನೂ ಬಲ ಅಂದ್ರಿ, ಸ್ವಾರ್ಥಾನೂ ಬಲ ಅಂದ್ರಿ. ನಂದೇನ್ರಿ? ಇಷ್ಟು ವರ್ಷದಾಗ ನನ್ನೊಳಗ ಒಂದಾದ್ರೂ ಕಂಡಿತ್ತೇನು? ಕಂಡಿದ್ರ ಹೇಳ್ರಿ. ಗ್ವಾಡಿ ಮ್ಯಾಲ ಬ್ಯಾಡ. ನನಗೊಬ್ಬಗ ಹೇಳ್ರಿ."

ಮಾಸ್ತರ ಅವನನ್ನು ನೋಡಿದರು. ಕತ್ತಲು ಅವನ ಮುಖವನ್ನು ಪೂರ್ತಿ ಮುಚ್ಚುವವರೆಗೆ ನೋಡಿದರು.

"ನಿನ್ನ ಬಲ ನನಗ ಕಂಡಿದ್ರ ನಿನ್ನನ್ನೂ ಎಂದೋ ಕಳಿಸಿಬಿಡ್ತಿದ್ದೆ" ಎಂದರು. "ಕಾಣ್ಲಿಲ್ಲ. ಅದಕ್ಕ ಇಷ್ಟು ವರ್ಷ ನಿನ್ನನ್ನ ನೋಡ್ಕೋತ ಕುಂತೆ."